ಸೋಲೋ ಬಾಯಿಪಾಠ ಇದೆ, ಜ್ಯಾಮ್‌ನಲ್ಲಿ ಮಾತ್ರ ಬೆರಳು ನಿಂತುಬಿಡುತ್ತದೆ: ಲೀಡ್ ಗಿಟಾರ್ ಕಲಿಯುವವರಿಗೆ ಒಂದು ಉತ್ತರ

ಪ್ರಶ್ನೆ: ನನಗೆ 27 ವರ್ಷ. ಮನೆ ಕಟಪಾಡಿ, ಕೆಲಸ ಮಣಿಪಾಲದಲ್ಲಿ. ಚರ್ಚ್ ಕ್ವಾಯರ್‌ನಲ್ಲಿ ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಕಾರ್ಡ್, ಸ್ಟ್ರಮ್ಮಿಂಗ್ ಎಲ್ಲ ಸಲೀಸು. ಲೀಡ್ (ಹಾಡಿನಲ್ಲಿ ಒಂದೊಂದೇ ಸ್ವರವಾಗಿ ನುಡಿಸುವ ಧಾಟಿ, ಸೋಲೋ) ಕಲಿಯಬೇಕೆಂದು ಎರಡು ವರ್ಷದ ಹಿಂದೆ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ವಿಡಿಯೋ ಮತ್ತು ಟ್ಯಾಬ್ (ಯಾವ ತಂತಿಯಲ್ಲಿ ಎಲ್ಲಿ ಒತ್ತಬೇಕು ಅಂತ ನಂಬರ್‌ನಲ್ಲಿ ಬರೆದದ್ದು) ನೋಡಿ ನಾಲ್ಕೈದು ಸೋಲೋ ಕಲಿತಿದ್ದೇನೆ. ಆದರೆ ಗೆಳೆಯರ ಜೊತೆ ಕೂತಾಗ ‘ನೀನೊಂದು ಸೋಲೋ ಹೊಡಿ’ ಅಂದರೆ ಏನೂ ಬರುವುದಿಲ್ಲ. ಸ್ಪೀಡ್ ಮೆಟ್ರೊನೋಮ್‌ನ 120ರ (ನಿಮಿಷಕ್ಕೆ 120 ಬೀಟ್) ಆಚೆ ಹೋಗುತ್ತಿಲ್ಲ. ಕಿರುಬೆರಳು ಹೇಳಿದ್ದು ಕೇಳುವುದಿಲ್ಲ. ಅಭ್ಯಾಸಕ್ಕೆ ಸಮಯ ಸಿಗುವುದು ಭಾನುವಾರ, ಮೂರು ಗಂಟೆ. ಮಂಗಳೂರಿಗೆ ಹೋಗಿ ಕ್ಲಾಸ್ ಸೇರಬೇಕಾ, ಆನ್‌ಲೈನ್ ಸಾಕಾ, ಗ್ರೇಡ್ ಪರೀಕ್ಷೆ ಕಟ್ಟಬೇಕಾ? ಜನವರಿಯಲ್ಲಿ ಗೆಳೆಯನ ಮದುವೆ ರಿಸೆಪ್ಷನ್‌ನಲ್ಲಿ ಬ್ಯಾಂಡ್ ಜೊತೆ ಲೀಡ್ ನುಡಿಸು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ. ಆದರೆ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿವೆ. ನೀವು ಸೋಲೋಗಳನ್ನು ಕಣ್ಣಿನಿಂದ ಕಲಿತಿದ್ದೀರಿ. ಇಷ್ಟನೇ ತಂತಿ, ಇಷ್ಟನೇ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿಗಳ ಮನೆ) ಅಂತ ಬೆರಳಿಗೆ ಗೊತ್ತು. ಮುಂದೆ ಯಾವ ಸ್ವರ ಬರಬೇಕು ಅಂತ ಕಿವಿಗೆ ಗೊತ್ತಿಲ್ಲ. ಟ್ಯಾಬ್ ಮುಂದೆ ಇರುವವರೆಗೆ ತೊಂದರೆ ಇಲ್ಲ. ಗೆಳೆಯರ ಜೊತೆ ಕೂತಾಗ ಟ್ಯಾಬ್ ಇರುವುದಿಲ್ಲ, ಅಲ್ವಾ? ಆಗ ಬೆರಳಿಗೆ ದಾರಿ ಹೇಳುವವರು ಯಾರೂ ಇಲ್ಲ.

ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮಗೆ ಚೆನ್ನಾಗಿ ಬರುವ ಸೋಲೋ ಒಂದನ್ನು ತೆಗೆದುಕೊಳ್ಳಿ. ಗಿಟಾರ್ ಕೆಳಗಿಟ್ಟು ಅದರ ಮೊದಲ ಎರಡು ಸಾಲು ಬಾಯಲ್ಲಿ ಹಾಡಿ. ಕಂಠ ಚೆನ್ನಾಗಿರಬೇಕೆಂದಿಲ್ಲ, ಸ್ವರ ಸರಿ ಇದ್ದರೆ ಸಾಕು. ಹಾಡಲು ಬಂದರೆ ಆ ಸಾಲು ನಿಮ್ಮದು. ಬರದಿದ್ದರೆ ನಿಮ್ಮ ಹತ್ತಿರ ಇರುವುದು ಫ್ರೆಟ್ ನಂಬರ್‌ಗಳು ಮಾತ್ರ. ನನ್ನ ಹತ್ತಿರ ಲೀಡ್ ಕಲಿಯಲು ಬರುವ ಹೆಚ್ಚಿನವರು ಇಲ್ಲೇ ತಡವರಿಸುತ್ತಾರೆ. ವೇಗವಾಗಿ ನುಡಿಸುವವರೂ ಅಷ್ಟೇ.

ಆದರೆ ನೀವು ಆರು ವರ್ಷ ಕ್ವಾಯರ್‌ನಲ್ಲಿ ಇದ್ದವರು. ಇದು ದೊಡ್ಡ ಆಸ್ತಿ. ಸೊಪ್ರಾನೋ ದನಿಯವರು ಒಂದು ಹಾಡುವಾಗ ಆಲ್ಟೋ, ಟೆನರ್ ದನಿಯವರು ಬೇರೆ ಸಾಲು ಹಾಡುವುದನ್ನು ವಾರ ವಾರ ಕೇಳಿದ್ದೀರಿ. ಕಾರ್ಡ್ ಬದಲಾಗುವ ಒಂದು ಕ್ಷಣ ಮೊದಲೇ ನಿಮಗೆ ಅದು ಗೊತ್ತಾಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಸ್ಕೇಲ್ ಉರು ಹೊಡೆದ ಹುಡುಗರಿಗೆ ಇದು ಬರುವುದಿಲ್ಲ. ಲೀಡ್ ಶುರುವಾಗಬೇಕಾದ್ದು ಇಲ್ಲಿಂದಲೇ.

ಮೊದಲು ಹೀಗೆ ಮಾಡಿ. ಸಿ, ಎ ಮೈನರ್, ಎಫ್, ಜಿ. ಈ ನಾಲ್ಕು ಕಾರ್ಡ್ ನಿಮಗೆ ನಿದ್ದೆಯಲ್ಲೂ ಬರುತ್ತದೆ. ಒಂದೊಂದಕ್ಕೆ ನಾಲ್ಕು ಬೀಟ್ ಕೊಟ್ಟು, ನಿಧಾನವಾಗಿ ಸ್ಟ್ರಮ್ ಮಾಡಿ, ಐದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈಗ ಅದನ್ನು ಹಾಕಿಕೊಂಡು ಮೂರನೇ ತಂತಿ ಒಂದರಲ್ಲೇ ನುಡಿಸಿ. ತೆಳ್ಳಗಿನ ತಂತಿ ಒಂದನೆಯದು ಅಂತ ಎಣಿಸಿದರೆ ಮೂರನೆಯದು ಜಿ. ಸಿ ಕಾರ್ಡ್ ಬಂದಾಗ 9ನೇ ಫ್ರೆಟ್. ಎ ಮೈನರ್‌ಗೆ 5. ಎಫ್‌ಗೆ 2. ಜಿಗೆ 4. ಒಂದು ಕಾರ್ಡ್‌ಗೆ ಒಂದೇ ಸ್ವರ, ನಾಲ್ಕು ಬೀಟ್ ಪೂರ್ತಿ ಉದ್ದಕ್ಕೆ. ಇವು ಆಯಾ ಕಾರ್ಡ್‌ನ ಮೂರನೇ ಸ್ವರಗಳು: ಇ, ಸಿ, ಎ, ಬಿ. ಕಾರ್ಡ್ ಮೇಜರ್ರೋ ಮೈನರ್ರೋ ಅಂತ ಹೇಳುವುದು ಈ ಸ್ವರವೇ. ಅದಕ್ಕೇ ಅದರ ಮೇಲೆ ಇಳಿದರೆ ಕೇಳುವವರಿಗೆ ‘ಹಾಂ, ಇದು ಈ ಹಾಡಿಗೆ ಸೇರಿದ್ದು’ ಅನಿಸುತ್ತದೆ.

ಎರಡು ಮೂರು ದಿನ ಇಷ್ಟೇ ಮಾಡಿ, ಸಾಕು. ಆಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಒಂದೆರಡು ಸ್ವರ ಸೇರಿಸಿ. ಸೇರಿಸುವ ಮೊದಲು ಬಾಯಲ್ಲಿ ಗುನುಗಿ. ಗುನುಗಿದ್ದನ್ನು ತಂತಿಯಲ್ಲಿ ಹುಡುಕಿ. ಮೊದಮೊದಲು ತಪ್ಪು ಫ್ರೆಟ್ ಸಿಗುತ್ತದೆ, ಪರವಾಗಿಲ್ಲ, ಪಕ್ಕಕ್ಕೆ ಜರುಗಿಸಿದರೆ ಸಿಗುತ್ತದೆ. ಒಂದೇ ತಂತಿ ಇರುವುದರಿಂದ ಸ್ವರ ಏರಿದರೆ ಕೈ ಬಲಕ್ಕೆ, ಇಳಿದರೆ ಎಡಕ್ಕೆ. ಕಿವಿಗೂ ಕೈಗೂ ನಂಟು ಬೆಳೆಯಲು ಇದಕ್ಕಿಂತ ಸುಲಭದ ಜಾಗ ಗಿಟಾರ್‌ನಲ್ಲಿ ಇಲ್ಲ.

ನೀವು ಕಲಿತ ಸೋಲೋಗಳಲ್ಲಿ ಹೆಚ್ಚಿನವು ಎ ಮೈನರ್ ಪೆಂಟಾಟೋನಿಕ್‌ನ ಐದನೇ ಫ್ರೆಟ್ ಬಾಕ್ಸ್‌ನಲ್ಲೇ (ಕೈ ಜರುಗಿಸದೆ ಸಿಗುವ ಸ್ವರಗಳ ಚೌಕಟ್ಟು) ಇರಬೇಕು. ಎ, ಸಿ, ಡಿ, ಇ, ಜಿ. ಐದೇ ಸ್ವರ. ನಮ್ಮ ಕಡೆ ಕರ್ನಾಟಕ ಸಂಗೀತದ ಪಾಠ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಎ ಯನ್ನು ಷಡ್ಜ (ಆಧಾರದ ‘ಸ’) ಮಾಡಿಕೊಂಡರೆ ಇದು ಶುದ್ಧ ಧನ್ಯಾಸಿ ರಾಗದ ಸ್ವರಗಳು. ಅದೇ ಐದು ಸ್ವರಕ್ಕೆ ಸಿ ಯನ್ನು ಷಡ್ಜ ಮಾಡಿದರೆ ಮೋಹನ. ಬೆರಳು ಇಡುವ ಜಾಗ ಬದಲಾಗಲಿಲ್ಲ, ನಿಲ್ಲುವ ಸ್ವರ ಬದಲಾಯಿತು. ರಾಗ ಅಂದರೆ ಬರೀ ಸ್ವರಪಟ್ಟಿ ಅಲ್ಲ, ಗಮಕ, ಸಂಚಾರ ಎಲ್ಲ ಸೇರಿದ್ದು. ಹಾಗಾಗಿ ಬಾಕ್ಸ್ ನುಡಿಸಿದ ಕೂಡಲೇ ರಾಗ ನುಡಿಸಿದ ಹಾಗೆ ಆಗುವುದಿಲ್ಲ. ಆದರೆ ಮೋಹನದ ಒಂದು ಗೀತೆಯೋ ವರ್ಣವೋ ಕಿವಿಯಲ್ಲಿದ್ದರೆ, ಆ ಐದು ಸ್ವರಗಳಲ್ಲಿ ಸಾಲು ಹೇಗೆ ಹೊರಡುತ್ತದೆ, ಎಲ್ಲಿ ತಂಗುತ್ತದೆ ಅನ್ನುವುದು ತಾನಾಗಿ ಬರುತ್ತದೆ. ಬಾಕ್ಸ್‌ನಲ್ಲಿ ಮೇಲೆ ಕೆಳಗೆ ಓಡುವುದು ಆಗ ನಿಲ್ಲುತ್ತದೆ.

ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಈ ಕಿವಿಯಿಂದ ಒಮ್ಮೆ ಕೇಳಿ. 1949ರಲ್ಲಿ ಬಂಟ್ವಾಳದ ಕಡೆ ಹುಟ್ಟಿದವರು, 2019ರಲ್ಲಿ ತೀರಿಕೊಂಡರು. ತಂದೆಯಿಂದ ಮೊದಲು ನಾಗಸ್ವರ ಕಲಿತರು. ಸ್ಯಾಕ್ಸೋಫೋನ್ ಹಿಡಿದ ಮೇಲೂ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಂಥ ಗಾಯಕರ ಹತ್ತಿರ ಪಾಠ ಮಾಡಿದರು. ಅವರು ಕೈಗೆತ್ತಿಕೊಂಡದ್ದು ಪಶ್ಚಿಮದ ವಾದ್ಯ, ಕೀಲಿಗಳಿರುವ ವಾದ್ಯ. ಅದರಲ್ಲಿ ಗಮಕ ಬಂತು. ಯಾವ ಸ್ವರ ಹೇಗೆ ಓಲಾಡಬೇಕು ಅನ್ನುವುದು ಮೊದಲೇ ಅವರ ಕಿವಿಯಲ್ಲಿತ್ತು, ಅದನ್ನು ವಾದ್ಯದಿಂದ ಹೊರಡಿಸುವ ದಾರಿಯನ್ನು ವರ್ಷಗಟ್ಟಲೆ ಹುಡುಕಿದರು. ಗಿಟಾರ್‌ನಲ್ಲಿ ಈ ಕೆಲಸ ಅಷ್ಟು ಕಷ್ಟವಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ. ಬೆಂಡ್ ಅನ್ನುವುದು ಇದನ್ನೇ.

ಬೆಂಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲೀಡ್ ನುಡಿಸುವವರ ಮಟ್ಟ ಗೊತ್ತಾಗುವುದು ಇಲ್ಲೇ. ಹತ್ತರಲ್ಲಿ ಎಂಟು ಜನ ಬೆಂಡ್ ಮಾಡುವಾಗ ಸ್ವರ ಮುಟ್ಟುವ ಮೊದಲೇ ನಿಲ್ಲಿಸುತ್ತಾರೆ. ಆ ಅರೆಬರೆ ಸ್ವರವೇ ಇಡೀ ಸೋಲೋವನ್ನು ಅಪಶ್ರುತಿ ಮಾಡುತ್ತದೆ.

ಮೂರನೇ ತಂತಿ, 7ನೇ ಫ್ರೆಟ್. ಸ್ವರ ಡಿ. ಉಂಗುರ ಬೆರಳು ಅಲ್ಲಿಡಿ. ಸುಮ್ನೆ ಅದೊಂದನ್ನೇ ಇಡಬೇಡಿ. ಅದರ ಹಿಂದೆ ಅದೇ ತಂತಿಯ 6ರಲ್ಲಿ ನಡುಬೆರಳು, 5ರಲ್ಲಿ ತೋರುಬೆರಳು. ಮೂರೂ ಸೇರಿ ತಳ್ಳಬೇಕು. ಹೆಬ್ಬೆರಳು ನೆಕ್‌ನ ಮೇಲಂಚಿಗೆ ಹಾಯ್ದು ಬರಲಿ. ಕಾರ್ಡ್ ಹಿಡಿಯುವಾಗ ನೀವು ಅದನ್ನು ನೆಕ್ ಹಿಂದೆ ಇಡುತ್ತೀರಿ, ಬೆಂಡ್‌ಗೆ ಅದು ಆಗುವುದಿಲ್ಲ. ತೋರುಬೆರಳಿನ ಬುಡ ನೆಕ್‌ನ ಕೆಳಗಿನ ಅಂಚಿಗೆ ಒತ್ತಿರಲಿ. ಈಗ ಬೆರಳುಗಳನ್ನು ಮಡಚಿ ತಳ್ಳಬೇಡಿ. ಬೆರಳು ಇದ್ದ ಹಾಗೇ ಇರಲಿ, ಬೀಗದಲ್ಲಿ ಕೀ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಲಿ. ಬಲ ಮುಂಗೈಯಿಂದ ಬರುತ್ತದೆ. ಬೆರಳು ಸೋಲುವುದಿಲ್ಲ.

ಎಷ್ಟು ತಳ್ಳಬೇಕು? ಡಿ ಇಂದ ಇ ವರೆಗೆ, ಅಂದರೆ ಎರಡು ಫ್ರೆಟ್ ದೂರದ ಸ್ವರ. ಆ ಇ ಪಕ್ಕದಲ್ಲೇ ಇದೆ: ಎರಡನೇ ತಂತಿ, 5ನೇ ಫ್ರೆಟ್. ಮೊದಲು ಅದನ್ನು ನುಡಿಸಿ ಕೇಳಿ, ಗುನುಗಿ. ಆಮೇಲೆ ಬೆಂಡ್ ಮಾಡಿ ಅದಕ್ಕೆ ಸೇರಿಸಿ. ಸರಿಯಾಗಿದೆಯಾ ಅಂತ ಗೊತ್ತಾಗಬೇಕಾದರೆ ತೋರುಬೆರಳನ್ನು ಎರಡನೇ ತಂತಿಯ 5ಕ್ಕೆ ಸರಿಸಿ ಎರಡೂ ತಂತಿಯನ್ನು ಒಟ್ಟಿಗೆ ಮೀಟಿ. ಸ್ವರ ಹತ್ತಿರ ಬಂದರೂ ಕೂಡಿಲ್ಲ ಅಂದರೆ ವಾಂವ್ ವಾಂವ್ ಅಂತ ಒಂದು ನಡುಕ ಕೇಳುತ್ತದೆ. ಇನ್ನೂ ಸ್ವಲ್ಪ ತಳ್ಳಿದಾಗ ನಡುಕ ನಿಧಾನವಾಗುತ್ತದೆ. ಪೂರ್ತಿ ನಿಂತಾಗ ಎರಡು ತಂತಿ ಒಂದೇ ಸ್ವರ. ಅಲ್ಲಿ ಕೈ ಹಿಡಿದುಕೊಂಡು ಮೂರ್ನಾಲ್ಕು ಸೆಕೆಂಡ್ ನಿಲ್ಲಿ. ಮುಂಗೈಗೆ ಆ ಬಲದ ಅಂದಾಜು ಕೂರಬೇಕು. ದಿನಕ್ಕೆ ಐದು ನಿಮಿಷ ಇದಕ್ಕೇ ಕೊಡಿ. ಟ್ಯೂನರ್ ಆ್ಯಪ್ ನೋಡಬಹುದು, ಆದರೆ ಕೊನೆಗೆ ತೀರ್ಪು ಕಿವಿಯದ್ದೇ ಇರಲಿ.

ಬೆಂಡ್ ಕೈಗೆ ಕೂತ ಮೇಲೆ ವೈಬ್ರಾಟೋ, ಅಂದರೆ ಹಿಡಿದ ಸ್ವರವನ್ನು ನಡುಗಿಸುವುದು. ಬ್ಲೂಸ್‌ನ ಬಿ. ಬಿ. ಕಿಂಗ್ ತನ್ನ ಸಂಬಂಧಿ ಬುಕ್ಕಾ ವೈಟ್ ನುಡಿಸುತ್ತಿದ್ದ ಸ್ಲೈಡ್ ಗಿಟಾರ್‌ನ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ನಾದ ಬೆರಳಿನಲ್ಲಿ ತರಲು ಹೋಗಿ ಆ ವೈಬ್ರಾಟೋ ಕಂಡುಕೊಂಡವರು. ಅವರು ಒಂದು ಸ್ವರ ಹಿಡಿದು ನಡುಗಿಸಿದರೆ ಯಾರು ನುಡಿಸುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಸ್ವರ ಹಿಡಿದ ಕೂಡಲೇ ನಡುಗಿಸಲು ಶುರು ಮಾಡಬೇಡಿ. ಮೊದಲು ನೇರ ಸ್ವರ, ಆಮೇಲೆ ನಿಧಾನಕ್ಕೆ, ತಾಳಕ್ಕೆ ಸರಿಯಾಗಿ ಓಲಾಟ. ಬೀಟ್‌ಗೆ ಎರಡು, ಮತ್ತೆ ಮೂರು, ನಾಲ್ಕು. ಪ್ರತಿ ಸಲವೂ ಮೂಲ ಸ್ವರಕ್ಕೆ ಮರಳಬೇಕು.

ಇನ್ನು ನಿಮ್ಮ 120. ಬೀಟ್‌ಗೆ ನಾಲ್ಕು ಸ್ವರ ಅಂತಲೇ ನೀವು ಹೇಳುತ್ತಿರಬೇಕು. ಅಂದರೆ ಸೆಕೆಂಡಿಗೆ 8 ಸ್ವರ. ಇದು ಕಡಿಮೆ ವೇಗವೇನಲ್ಲ. ಮದುವೆ ಬ್ಯಾಂಡ್‌ಗಾಗಲಿ, ಕ್ವಾಯರ್‌ಗಾಗಲಿ ಇದರ ಅರ್ಧ ಸಾಕು. ಆದರೂ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಬಲಗೈ ಮಾತ್ರ. ತೆರೆದ ಎರಡನೇ ತಂತಿಯ ಮೇಲೆ ಕೆಳಗೆ ಮೇಲೆ, ಕೆಳಗೆ ಮೇಲೆ. ಮೆಟ್ರೊನೋಮ್ 140ಕ್ಕೆ ಇಡಿ. ಸಲೀಸಾಗಿ ಹೋದರೆ ಬಲಗೈ ತಪ್ಪಿತಸ್ಥ ಅಲ್ಲ. ಈಗ ಎಡಗೈ ಮಾತ್ರ, ಪಿಕ್ (ತಂತಿ ಮೀಟುವ ಚಿಪ್ಪು) ಇಲ್ಲದೆ ಹ್ಯಾಮರ್ ಆನ್, ಪುಲ್ ಆಫ್, ಅಂದರೆ ಬೆರಳನ್ನು ತಂತಿಗೆ ಬಡಿದು, ಎಳೆದು ಬಿಟ್ಟು ಸ್ವರ ತೆಗೆಯುವುದು. ಅದೂ ಹೋದರೆ ತೊಂದರೆ ಇರುವುದು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಾಗ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅಲ್ಲೇ. ಮೂರನೇ ತಂತಿಯಲ್ಲಿ ಮೂರು ಸ್ವರ, ಎರಡನೆಯದರಲ್ಲಿ ಮೂರು ಸ್ವರ ನುಡಿಸಿ ನೋಡಿ. ಮೂರನೇ ತಂತಿಯ ಕೊನೆಯ ಹೊಡೆತ ಕೆಳಮುಖ. ಮುಂದಿನದು ಎರಡನೇ ತಂತಿಯ ಮೇಲೆ ಮೇಲ್ಮುಖ. ಅಂದರೆ ಪಿಕ್ ಎರಡನೇ ತಂತಿಯನ್ನು ಹಾರಿ ಆಚೆ ಹೋಗಿ, ಅಲ್ಲಿಂದ ವಾಪಸ್ ಹೊಡೆಯಬೇಕು. ಈ ಒಂದು ಹಾರಾಟದಲ್ಲೇ ಸಮಯ ಹೋಗುತ್ತದೆ. ಉಳಿದ ಸ್ವರಗಳನ್ನು ನೂರು ಸಲ ನುಡಿಸಿ ಫಲವಿಲ್ಲ. ದಾಟುವ ಎರಡು ಸ್ವರ ಮಾತ್ರ ತೆಗೆದು ಅವನ್ನೇ ಮತ್ತೆ ಮತ್ತೆ ನುಡಿಸಿ.

ನಿಮ್ಮ ಪಿಕ್ ಕೂಡ ನೋಡಿ. ಸ್ಟ್ರಮ್ ಮಾಡುವ ಅರ್ಧ ಮಿಲಿಮೀಟರ್‌ನ ತೆಳು ಪಿಕ್‌ನಲ್ಲಿ ಲೀಡ್ ನುಡಿಸಿದರೆ ಅದು ಬಾಗಿ ಮತ್ತೆ ನೆಟ್ಟಗಾಗುವುದರೊಳಗೆ ಮುಂದಿನ ಸ್ವರ ಬಂದಿರುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನದ್ದು ತಗೊಳ್ಳಿ. ತುದಿ ಸ್ವಲ್ಪವೇ ಹೊರಗಿರಲಿ.

ವೇಗ ಬೆಳೆಸುವ ವಿಧಾನ ನಮ್ಮ ಕರ್ನಾಟಕ ಸಂಗೀತದ ಪಾಠಕ್ರಮದಲ್ಲೇ ಇದೆ. ಸರಳೆ ವರಿಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಾರಲ್ಲ? ತಾಳ ಕದಲುವುದಿಲ್ಲ. ಒಂದನೇ ಕಾಲದಲ್ಲಿ ಬೀಟ್‌ಗೆ ಒಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ಗಿಟಾರ್‌ನಲ್ಲಿ ಇದನ್ನೇ ಮೆಟ್ರೊನೋಮ್ 60ಕ್ಕೆ ಇಟ್ಟು ಮಾಡಿ, ಆಮೇಲೆ 70, 80. ಸರಳೆ ವರಿಸೆ ಮಾಯಾಮಾಳವಗೌಳ ರಾಗದಲ್ಲಿ ಇರುತ್ತದೆ. ಅದರ ಸ್ವರಗಳಲ್ಲೇ ನುಡಿಸಿದರೆ ಗಿಟಾರ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗದ ಬೆರಳಿನ ಅಂತರಗಳೂ ಅಭ್ಯಾಸವಾಗುತ್ತವೆ. ಜಂಟಿ ವರಿಸೆಯಂತೂ ಪಿಕ್ಕಿಂಗ್‌ಗೆ ಹೇಳಿ ಮಾಡಿಸಿದ್ದು, ಒಂದೊಂದು ಸ್ವರಕ್ಕೆ ಎರಡೆರಡು ಹೊಡೆತ.

ಆದರೆ ಬರೀ ನಿಧಾನದಿಂದ ಎರಡೆರಡು ಅಂಕಿ ಏರಿಸುತ್ತಾ ಹೋದರೆ ಒಂದು ಕಡೆ ನಿಲ್ಲುವುದು ಸಹಜ. ನಿಧಾನವಾಗಿ ನುಡಿಸುವಾಗ ಕೈ ದೊಡ್ಡದಾಗಿ ಆಡಿದರೂ ನಡೆಯುತ್ತದೆ. ವೇಗದಲ್ಲಿ ಅಷ್ಟು ದೊಡ್ಡ ಚಲನೆಗೆ ಸಮಯವೇ ಇಲ್ಲ. ಅದಕ್ಕೆ ವಾರದಲ್ಲಿ ಎರಡು ಮೂರು ದಿನ ಹೀಗೂ ಮಾಡಿ. ಮೆಟ್ರೊನೋಮ್ 140. ಒಂದು ಬೀಟ್‌ನ ನಾಲ್ಕು ಸ್ವರ ನುಡಿಸಿ, ಐದನೆಯದು ಮುಂದಿನ ಬೀಟ್‌ನ ಮೇಲೆ ಬಿದ್ದು ನಿಲ್ಲಲಿ. ಮೂರು ಬೀಟ್ ಸುಮ್ಮನಿರಿ. ಭುಜ ಸಡಿಲ ಮಾಡಿ. ಮತ್ತೆ ಐದು. ಚಿಕ್ಕದಾಗಿ ಓಡಿ ನಿಲ್ಲುವುದು. ಐದು ಶುದ್ಧವಾಗಿ ಬಂದ ಮೇಲೆ ಒಂಬತ್ತು. ಈ ವೇಗದಲ್ಲಿ ಕೈ ತಾನೇ ಚಲನೆಯನ್ನು ಸಣ್ಣದು ಮಾಡಿಕೊಳ್ಳುವುದನ್ನು ನೀವು ನೋಡುತ್ತೀರಿ.

ಕಿರುಬೆರಳಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಉಂಗುರ ಬೆರಳಿಗೂ ಅದಕ್ಕೂ ಒಳಗೆ ಸ್ನಾಯುವಿನ ನಂಟಿದೆ. ಒಂದು ಆಡಿದರೆ ಇನ್ನೊಂದು ಎಳೆಯುವುದು ಎಲ್ಲರಿಗೂ ಇದ್ದದ್ದೇ. ಜಾಜ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಳಕೆ ಬಹುಪಾಲು ಕಳೆದುಕೊಂಡರು. ಆಮೇಲೆ ಸೋಲೋಗಳನ್ನು ಉಳಿದ ಎರಡು ಬೆರಳಲ್ಲಿ ನುಡಿಸಿದರು. ಇವತ್ತಿಗೂ ಜನ ಆ ವೇಗಕ್ಕೆ ಬೆರಗಾಗುತ್ತಾರೆ. ನಿಮ್ಮ ಕಿರುಬೆರಳು ಬಳಕೆಯಲ್ಲಿ ಇಲ್ಲದಾಗ ತಂತಿಯಿಂದ ದೂರ ಹಾರದಿದ್ದರೆ ಸಾಕು. ಒಂದು ಕೆಲಸ ಮಾಡಿ: ಬೆರಳು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟಿ, ಟಕ್ ಅಂತ ಸತ್ತ ಶಬ್ದ ಬರುತ್ತದೆ. ಮೀಟುತ್ತಾ ಒತ್ತಡ ಚೂರು ಚೂರೇ ಹೆಚ್ಚಿಸಿ. ಸ್ವರ ಸ್ವಚ್ಛವಾಗಿ ಬಂದ ಕೂಡಲೇ ನಿಲ್ಲಿಸಿ. ಅಷ್ಟೇ ಒತ್ತಡ ಬೇಕಾದ್ದು. ನೀವು ಈಗ ಒತ್ತುತ್ತಿರುವುದು ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಆರು ವರ್ಷ ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವುದು) ಹಿಡಿದ ಕೈ ಅದು. ಬೆರಳಿನ ತುದಿ ಉರಿದರೆ ಹೆದರಬೇಡಿ. ಮಣಿಕಟ್ಟು, ಮುಂಗೈ ನೋವು ಅಥವಾ ಜುಮ್ಮೆನ್ನುವುದು ಶುರುವಾದರೆ ಮಾತ್ರ ಅಲ್ಲೇ ನಿಲ್ಲಿಸಿ. ಎರಡು ದಿನದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನೋವಿನ ಮೇಲೆ ನುಡಿಸುವುದರಿಂದ ಯಾರ ಕೈಯೂ ಗಟ್ಟಿಯಾಗುವುದಿಲ್ಲ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಎಲೆಕ್ಟ್ರಿಕ್ ಗಿಟಾರ್ ಅನ್ನು ಆಂಪ್ (ಆಂಪ್ಲಿಫೈಯರ್) ಹಾಕದೆ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೀರಿ ಅಂತ ನನ್ನ ಅಂದಾಜು. ಆಂಪ್‌ನಲ್ಲಿ ಡಿಸ್ಟಾರ್ಷನ್ (ನಾದವನ್ನು ಒರಟು ಮಾಡುವ ಎಫೆಕ್ಟ್) ಹಾಕಿದ ಕೂಡಲೇ ನುಡಿಸದ ತಂತಿಗಳೂ ಗುಂಯ್ ಅನ್ನಲು ಶುರು ಮಾಡುತ್ತವೆ. ಇವನ್ನು ಮುಚ್ಚುವುದೂ ಲೀಡ್‌ನ ಅರ್ಧ ಕೆಲಸ. ದಪ್ಪ ತಂತಿಗಳನ್ನು ಬಲ ಅಂಗೈಯ ಅಂಚು ಮುಚ್ಚಬೇಕು. ತೆಳ್ಳಗಿನವನ್ನು ತೋರುಬೆರಳಿನ ಒಳಮೈ ಮುಟ್ಟಿಕೊಂಡಿರಬೇಕು. ತೋರುಬೆರಳಿನ ತುದಿ ಪಕ್ಕದ ದಪ್ಪ ತಂತಿಯನ್ನು ಸ್ವಲ್ಪ ತಾಗಲಿ. ಹೆಡ್‌ಫೋನ್ ಆಂಪ್ ಒಂದು ಸಿಕ್ಕಿದರೆ ಪಕ್ಕದ ಮನೆಯವರಿಗೂ ತೊಂದರೆ ಇಲ್ಲ, ನಿಮಗೂ ಪ್ರತಿ ಕಸರು ಕೇಳುತ್ತದೆ.

ತಂತಿಗಳ ಬಗ್ಗೆ. ಎಲೆಕ್ಟ್ರಿಕ್‌ಗೆ 9ರಿಂದ 42ರ ತೆಳು ಸೆಟ್ (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ) ಹಾಕಿ, ಬೆಂಡ್ ಕಲಿಯುವಾಗ ಕೈ ಉಳಿಯುತ್ತದೆ. ಕ್ವಾಯರ್‌ನ ಅಕೌಸ್ಟಿಕ್‌ನಲ್ಲಿ ಬೆಂಡ್ ಬರುತ್ತಿಲ್ಲ ಅಂತ ಬೇಸರ ಬೇಡ. ಅದರ ಮೂರನೇ ತಂತಿಗೆ ಸುರುಳಿ ಸುತ್ತಿರುತ್ತದೆ, ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಕಟಪಾಡಿಯಲ್ಲಿ ಕಡಲ ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ತಂತಿಗೆ ಬೇಗ ತುಕ್ಕು. ತುಕ್ಕು ಹಿಡಿದ ತಂತಿಯಲ್ಲಿ ಬೆರಳು ಜಾರುವುದಿಲ್ಲ, ಬೆಂಡ್ ಮಾಡುವಾಗ ಫ್ರೆಟ್ ಕೂಡ ಸವೆಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಪ್ರತಿ ತಂತಿಯ ಮೇಲೆ ಕೆಳಗೆ ಒರೆಸಿ. ಕೇಸ್‌ನಲ್ಲಿ ಸಿಲಿಕಾ ಜೆಲ್ ಇಡಿ, ಅದನ್ನು ಆಗಾಗ ಬದಲಿಸಿ. ಮಳೆಗಾಲದಲ್ಲಿ ಅಕೌಸ್ಟಿಕ್‌ನ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಎತ್ತರಕ್ಕೆ ಹೋಗುತ್ತದೆ. ‘ಈಚೆಗೆ ಯಾಕೋ ಕಷ್ಟ ಆಗ್ತಿದೆ’ ಅನಿಸಿದರೆ ನಿಮ್ಮ ಕೈಯನ್ನು ಬೈಯುವ ಮೊದಲು ಗಿಟಾರ್ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ಸರಿಪಡಿಸಿಕೊಳ್ಳಿ.

ಭಾನುವಾರದ ಮೂರು ಗಂಟೆಯನ್ನು ಒಡೆಯಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಕಲಿತದ್ದು ಗಟ್ಟಿಯಾಗುವುದು ನಡುನಡುವೆ ಬಿಡುವು, ನಿದ್ದೆ ಸಿಕ್ಕಾಗ. ವಾರಕ್ಕೊಮ್ಮೆ ಕೂತರೆ ಮೊದಲ ಒಂದು ಗಂಟೆ ಹಿಂದಿನ ವಾರದ್ದನ್ನು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಒಂದೇ ವಿಷಯ ಉಜ್ಜಬೇಡಿ. ಸ್ವಲ್ಪ ಬೆಂಡ್, ಸ್ವಲ್ಪ ತಂತಿ ದಾಟುವುದು, ಕೊನೆಯ ಹತ್ತು ನಿಮಿಷ ಕಡ್ಡಾಯವಾಗಿ ರೆಕಾರ್ಡ್ ಮಾಡಿದ ಕಾರ್ಡ್‌ಗಳ ಜೊತೆ ನಿಮ್ಮದೇ ಸಾಲು. ಸುಸ್ತಾದ ದಿನ ಆ ಹತ್ತು ನಿಮಿಷ ಮಾತ್ರ ಮಾಡಿದರೂ ಆಯಿತು.

ಭಾನುವಾರ ಸಿಗುವ ಹೆಚ್ಚಿನ ಸಮಯದಲ್ಲಿ ಒಂದು ಹಾಡಿನ ಗಾಯನವನ್ನು ಕಿವಿಯಿಂದ ಗಿಟಾರ್‌ಗೆ ಇಳಿಸಿ. ಗಿಟಾರ್ ಸೋಲೋ ಬೇಡ, ಗಾಯಕರ ದನಿ. ಕೊಂಕಣಿ ಹಾಡು, ಭಾವಗೀತೆ, ಕ್ವಾಯರ್‌ನ ಸ್ತುತಿಗೀತೆ, ಯಾವುದಾದರೂ. ವಿಡಿಯೋದ ವೇಗ ಅರ್ಧಕ್ಕೆ ಇಳಿಸಿದರೂ ಸ್ವರದ ಶ್ರುತಿ ಬದಲಾಗುವುದಿಲ್ಲ, ಆ ಅನುಕೂಲ ಬಳಸಿಕೊಳ್ಳಿ. ಗಾಯಕರಿಗೆ ಉಸಿರು ಬೇಕು, ಹಾಗಾಗಿ ಸಾಲಿಗೆ ಕೊನೆ ಇರುತ್ತದೆ. ಗಿಟಾರ್‌ನವರಿಗೆ ಉಸಿರಿನ ಹಂಗಿಲ್ಲ, ಅದಕ್ಕೇ ನಿಲ್ಲಿಸದೆ ನುಡಿಸುತ್ತಾರೆ. ಯಕ್ಷಗಾನದಲ್ಲಿ ಭಾಗವತರನ್ನು ಗಮನಿಸಿ. ಪದ್ಯದ ಒಂದು ಸಾಲು ಎತ್ತಿ, ಎಳೆದು, ಬಿಟ್ಟುಬಿಡುತ್ತಾರೆ. ಆ ಜಾಗದಲ್ಲಿ ಚೆಂಡೆ, ಮದ್ದಳೆ ಮಾತಾಡುತ್ತವೆ. ನಿಮ್ಮ ಸೋಲೋದಲ್ಲೂ ಡ್ರಮ್ಸ್‌ನವರಿಗೆ ಅಂಥ ಜಾಗ ಬಿಡಿ.

ಈಗ ಗುರುಗಳ ವಿಷಯ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಿಮಗೆ ಎದುರು ಕೂತು ನೋಡುವವರು ಬೇಕು. ಪ್ರತಿ ವಾರ ಬೇಕೆಂದಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಕು. ವಿಡಿಯೋದಲ್ಲಿ ಪಾಠ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಕೈ ನೋಡುವುದಿಲ್ಲ. ನಿಮ್ಮ ಭುಜ ಮೇಲೆ ಹೋಗಿದೆ, ಬೆಂಡ್ ಕಾಲು ಸ್ವರ ಕಡಿಮೆ ಇದೆ, ನೀವು ಉಸಿರು ಹಿಡಿದು ನುಡಿಸುತ್ತಿದ್ದೀರಿ ಅಂತ ಹೇಳುವುದು ಎದುರಿಗಿರುವ ಮನುಷ್ಯ. ಉಡುಪಿಯಲ್ಲೇ ಸಿಕ್ಕಿದರೆ ಮಂಗಳೂರಿನವರೆಗೆ ಹೋಗುವ ಅಗತ್ಯವಿಲ್ಲ. ನಡುವಿನ ದಿನಗಳಲ್ಲಿ ನೀವು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೆ ಕಳಿಸಿ.

ಯಾರ ಹತ್ತಿರ ಕಲಿಯಬೇಕು ಅನ್ನುವುದನ್ನು ಮೊದಲ ಕ್ಲಾಸ್‌ನಲ್ಲೇ ತಿಳಿಯಬಹುದು. ಅವರು ನಿಮ್ಮನ್ನು ನುಡಿಸಲು ಬಿಟ್ಟು ಪೂರ್ತಿ ಕೇಳಿದರಾ? ನಿಮ್ಮ ಕೈ ನೋಡಿದರಾ? ನಿಮ್ಮ ಜೊತೆ ಕಾರ್ಡ್ ಹಿಡಿದು ನುಡಿಸಿದರಾ? ಅಥವಾ ಬಂದ ಕೂಡಲೇ ತಮ್ಮ ಸ್ಪೀಡ್ ತೋರಿಸಿ ಒಂದು ಟ್ಯಾಬ್ ಶೀಟ್ ಕೊಟ್ಟು ಕಳಿಸಿದರಾ? ಹತ್ತು ಜನರನ್ನು ಒಟ್ಟಿಗೆ ಕೂರಿಸುವ ಕ್ಲಾಸ್ ಕಾರ್ಡ್ ಕಲಿಯಲು ಆದೀತು, ಲೀಡ್‌ಗೆ ಆಗುವುದಿಲ್ಲ. ನಿಮ್ಮೂರಿನಲ್ಲೇ ಮದುವೆ, ರೋಸ್ (ಮದುವೆಗೆ ಮುಂಚಿನ ಕ್ರೈಸ್ತರ ಶಾಸ್ತ್ರ) ಕಾರ್ಯಕ್ರಮಗಳಲ್ಲಿ ವರ್ಷಾನುಗಟ್ಟಲೆ ನುಡಿಸಿದ ಹಿರಿಯರು ಇರುತ್ತಾರೆ. ಅವರಿಗೆ ಸ್ಕೇಲ್‌ನ ಹೆಸರು ಗೊತ್ತಿಲ್ಲದಿರಬಹುದು. ಗಾಯಕ ತಟ್ಟನೆ ಶ್ರುತಿ ಬದಲಿಸಿದರೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ. ಅಂಥವರ ಪಕ್ಕದಲ್ಲಿ ಒಂದು ಸಂಜೆ ಕೂತರೆ ಬಹಳ ಸಿಗುತ್ತದೆ. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್‌ನವರು ತಿಂಗಳ ಕಾರ್ಯಕ್ರಮ ನಡೆಸುತ್ತಾರೆ. ಸಂಗೀತ ಇರುವ ದಿನ ಹೋಗಿ, ಗಿಟಾರ್‌ನವರ ಕೈ ಕಾಣುವ ಜಾಗದಲ್ಲಿ ಕೂರಿ.

ಗ್ರೇಡ್ ಪರೀಕ್ಷೆ ಕೆಟ್ಟದ್ದಲ್ಲ. ಟ್ರಿನಿಟಿ ಕಾಲೇಜ್ ಲಂಡನ್‌ನ ರಾಕ್ ಆ್ಯಂಡ್ ಪಾಪ್, ರಾಕ್‌ಸ್ಕೂಲ್ ಎರಡರಲ್ಲೂ 8 ಗ್ರೇಡ್‌ವರೆಗೆ ಇದೆ. ಬ್ಯಾಕಿಂಗ್ ಟ್ರ್ಯಾಕ್ ಜೊತೆ ತಾಳ ತಪ್ಪದೆ ನುಡಿಸುವುದು ರೂಢಿಯಾಗುತ್ತದೆ, ಪರೀಕ್ಷೆಯ ದಿನ ಹತ್ತಿರ ಬಂದಾಗ ಅಭ್ಯಾಸವೂ ತಪ್ಪುವುದಿಲ್ಲ. ಟ್ರಿನಿಟಿಯಲ್ಲಿ ಮೂರು ಹಾಡಿನ ಜೊತೆ ಪ್ಲೇಬ್ಯಾಕ್ (ಕೊಟ್ಟದ್ದನ್ನು ಕೂಡಲೇ ನುಡಿಸುವುದು) ಇಲ್ಲವೇ ಇಂಪ್ರೊವೈಸೇಷನ್ (ಅಲ್ಲೇ ಸ್ವಂತ ಸಾಲು ಕಟ್ಟುವುದು) ಅಂತ ಆಯ್ಕೆ ಇರುತ್ತದೆ. ಕಟ್ಟುವುದಾದರೆ ಇಂಪ್ರೊವೈಸೇಷನ್ ಆರಿಸಿಕೊಳ್ಳಿ, ನಿಮಗೆ ಬೇಕಾದ್ದು ಅದೇ. ಆದರೆ ಈ ವರ್ಷ ಬೇಡ. ಮತ್ತೆ ಮೂರು ಹಾಡು ನೋಡಿ ನೋಡಿ ಕಲಿಯುವುದರಲ್ಲಿ ಕೂತುಬಿಡುತ್ತೀರಿ. ಮೊದಲು ಆರೇಳು ತಿಂಗಳು ಕಿವಿಗೆ ಕೊಡಿ.

ಮದುವೆಗೆ ಒಪ್ಪಿಕೊಳ್ಳಿ. ಆದರೆ ಇಡೀ ಸಂಜೆ ಲೀಡ್ ಬೇಡ. ಬ್ಯಾಂಡ್‌ನವರಿಗೆ ಈಗಲೇ ಹೇಳಿ, ಎರಡು ಹಾಡಿನಲ್ಲಿ ಮಾತ್ರ ಸೋಲೋ, ಉಳಿದದ್ದಕ್ಕೆ ರಿದಮ್. ಎರಡೂ ನಿಧಾನ ಅಥವಾ ಮಧ್ಯಮ ವೇಗದ ಹಾಡು ಆಗಿರಲಿ, ನಿಮಗೆ ಬಾಯಲ್ಲಿ ಪೂರ್ತಿ ಬರುವ ಹಾಡು. ಮೊದಲ ಎಂಟು ಬಾರ್‌ನಲ್ಲಿ ಪಲ್ಲವಿಯ ಧಾಟಿಯನ್ನೇ ನುಡಿಸಿ, ಒಂದು ಕಡೆ ಆ ಡಿ ಇಂದ ಇ ಬೆಂಡ್‌ನಂಥದ್ದು ಇಡಿ. ಮುಂದಿನ ಎಂಟು ಬಾರ್‌ನಲ್ಲಿ ಅದೇ ಧಾಟಿಯನ್ನು ಸ್ವಲ್ಪ ಬದಲಿಸಿ. ಪ್ರತಿ ಕಾರ್ಡ್‌ಗೆ ಅದರ ಮೂರನೇ ಸ್ವರ ಗೊತ್ತಿರುವುದರಿಂದ ದಾರಿ ತಪ್ಪಿದರೂ ಮುಂದಿನ ಕಾರ್ಡ್‌ನಲ್ಲಿ ಇಳಿಯಲು ಜಾಗ ಇರುತ್ತದೆ. ಬ್ಯಾಂಡ್ ಜೊತೆ ಕಡಿಮೆ ಅಂದರೆ ಎರಡು ಸಲ ನಿಂತುಕೊಂಡು ಪ್ರಾಕ್ಟೀಸ್ ಮಾಡಿ. ಕೂತು ಕಲಿತ ಕೈಗೆ ನಿಂತಾಗ ಗಿಟಾರ್‌ನ ಎತ್ತರ ಬೇರೆ ಅನಿಸುತ್ತದೆ, ಸ್ಟ್ರಾಪ್ ಅನ್ನು ಕೂತಾಗ ಇರುವ ಎತ್ತರಕ್ಕೇ ಕಟ್ಟಿ. ತಂತಿಯನ್ನು ಅದೇ ದಿನ ಬದಲಿಸಬೇಡಿ. ಎರಡು ದಿನ ಮುಂಚೆ ಹೊಸದು ಹಾಕಿ, ಕೈಯಿಂದ ಎಳೆದೆಳೆದು ಶ್ರುತಿ ನಿಲ್ಲುವವರೆಗೆ ಟ್ಯೂನ್ ಮಾಡಿ. ಒಂದು ಸೆಟ್ ಜೇಬಿನಲ್ಲಿರಲಿ.